ಟಿವಿ ಡಾಕ್ಟರ ಖಾಲಿ ಡಬ್ಬ

ನಮ್ಮ ಬೀದಿಯ ಟಿವಿ ರಿಪೇರಿಯವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರ ಬಾಯಲ್ಲೂ ಅವರು ಟಿವಿ ಡಾಕ್ಟ್ರು. ಕಾರಣ ಅವರ ಬಿಳಿ ಕೋಟು. ಅಂಗಡಿ ಹಾಕಿದ ಹೊಸದರಲ್ಲಿ ಬೆಸುಗೆಯ ಕಿಡಿ ಹಾರಿ ಹಾರಿ ಷರಟುಗಳೆಲ್ಲ ಜರಡಿಯಾಗುತ್ತಿವೆಯೆಂದು ಅವರ ಅಕ್ಕ ಎಲ್ಲಿಂದಲೋ ಆ ಕೋಟನ್ನು ತಂದು ಹಾಕಿಸಿದ್ದರು. ಜೇಬಿನಲ್ಲಿ ಟೆಸ್ಟರು, ಹಣೆಯ ಮೇಲೊಂದು ಚಿಕ್ಕ ಟಾರ್ಚು, ಮುಖದಲ್ಲಿ ಸದಾ ಕೆಟ್ಟ ಸುದ್ದಿ ಹೇಳಲು ಹೊರಟವರ ಗಾಂಭೀರ್ಯ. ಟಿವಿಯ ಬೆನ್ನು ಬಿಚ್ಚಿ, ಒಳಗೆ ಇಣುಕಿ, ನಿಟ್ಟುಸಿರು ಬಿಟ್ಟು, "ತುಂಬ ತಡವಾಗಿ ತಂದಿದ್ದೀರಿ" ಎನ್ನುತ್ತಿದ್ದರು. ಒಮ್ಮೆ ಬೀದಿಗೆ ಹೊಸದಾಗಿ ಬಂದ ಅಜ್ಜನೊಬ್ಬ ಅಂಗಡಿಯ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾದು, ತನ್ನ ಸರದಿ ಬಂದಾಗ ಆ ಎಂದು ನಾಲಿಗೆ ಚಾಚಿದ್ದ. ಡಾಕ್ಟ್ರು ಟಾರ್ಚು ಹಾಕಿ ಅದನ್ನೂ ನೋಡಿದರು. "ಇದರಲ್ಲಿ ನನಗೆ ಅನುಭವ ಸಾಲದು" ಎಂದು ಪ್ರಾಮಾಣಿಕವಾಗಿ ಹೇಳಿ ಕಳಿಸಿದರು.

ವಯಸ್ಸು ಐವತ್ತರ ಮೇಲೆ. ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕನ ಜೊತೆ ವಾಸ. ಅಕ್ಕನಿಗೆ ಮಾತು ಹೆಚ್ಚು, ಧಾರಾವಾಹಿ ಅದಕ್ಕಿಂತ ಹೆಚ್ಚು. ತಮ್ಮನಿಗೆ ಎರಡೂ ಆಗದು. ಅವರ ಬಾಯಿಂದ ಮಾತು ಹೊರಡಿಸುವುದೆಂದರೆ ಮುಗಿದುಹೋದ ಟೂತ್‌ಪೇಸ್ಟನ್ನು ಹಿಂಡಿದ ಹಾಗೆ. ಬಹಳ ಹಿಂಡಿದರೆ ಒಂದು "ಹೂಂ" ಬರುತ್ತಿತ್ತು. ಟಿವಿಯನ್ನಂತೂ ಅವರು ನೋಡುತ್ತಲೇ ಇರಲಿಲ್ಲ. "ಇಡೀ ದಿನ ಅದರ ಕರುಳು ನೋಡಿರ್ತೀನಿ ಅಕ್ಕ, ಮುಖ ನೋಡೋಕೆ ಮನಸ್ಸು ಬರಲ್ಲ" ಎನ್ನುತ್ತಿದ್ದರು. ಅವರ ಮಟ್ಟಿಗೆ ಅದೇ ದೊಡ್ಡ ಭಾಷಣ.

ಇಂಥವರ ಬದುಕು ಹಳಿ ತಪ್ಪಿದ್ದು ಶಾಲೆಗಳಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಮೂರೂವರೆಗೆ. ಬೀದಿಯ ಎಲ್ಲ ಮನೆಗಳಲ್ಲೂ ಒಂದೇ ಧಾರಾವಾಹಿ ನಡೆಯುತ್ತಿತ್ತು. ಅದರಲ್ಲಿ ಅತ್ತೆ ಸೊಸೆಯ ಕೆನ್ನೆಗೆಂದು ಎತ್ತಿದ ಕೈ ಮೂರು ದಿನದಿಂದ ಗಾಳಿಯಲ್ಲೇ ನಿಂತಿತ್ತು. ಅವತ್ತು ಅದು ಕೆನ್ನೆ ಮುಟ್ಟುವ ಲಕ್ಷಣ ಬಲವಾಗಿ ಕಾಣುತ್ತಿತ್ತು. ಕೈ ಬೀಸಿತು. ಸೊಸೆ ಕಣ್ಣು ಮುಚ್ಚಿದಳು. ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಢಮ್ ಎಂದಿತು. ಹನ್ನೊಂದು ಮನೆಗಳ ಹನ್ನೊಂದು ಟಿವಿಗಳು ಸೊಸೆಯ ಜೊತೆಗೇ ಕಣ್ಣು ಮುಚ್ಚಿದವು.

"ಏಟು ಬಿತ್ತಾ?" ಎಂದು ಡಾಕ್ಟರ ಅಕ್ಕ ಒಳಗಿನಿಂದ ಕಿರುಚಿದರು. ಎದುರು ಮನೆಯಿಂದಲೂ ಅದೇ ಪ್ರಶ್ನೆ ಬಂತು.

ಸಂಜೆ ಕರೆಂಟು ಬಂದರೂ ಅವು ಕಣ್ಣು ತೆರೆಯಲಿಲ್ಲ. ಅಂಗಡಿಗೆ ಟಿವಿಗಳ ಮೆರವಣಿಗೆ. ಬೆನ್ನು ದಪ್ಪಗಿದ್ದ ಹಳೇ ಟಿವಿಗಳು ಇನ್ನೂ ಮನೆಮನೆಗಳಲ್ಲಿ ಇದ್ದ ಕಾಲ ಅದು. ಒಂದು ಕೂಸಿನ ಗಾಡಿಯಲ್ಲಿ ಬಂತು, ಒಂದನ್ನು ಅಪ್ಪ ಮಗ ಸ್ಟ್ರೆಚರಿನ ಹಾಗೆ ಮಂಚದ ಹಲಗೆಯ ಮೇಲೆ ಹೊತ್ತು ತಂದರು, ಬೇಕರಿಯವರದ್ದು ಬ್ರೆಡ್ ಟ್ರೇಗಳ ತಳ್ಳುಗಾಡಿಯಲ್ಲಿ ಬಂತು. ಡಾಕ್ಟ್ರು ಹನ್ನೊಂದನ್ನೂ ಗೋಡೆಯುದ್ದಕ್ಕೆ ಸಾಲಾಗಿ ಇರಿಸಿ, ಒಂದೊಂದರ ಬೆನ್ನನ್ನೂ ಬಿಚ್ಚಿ ನೋಡಿ, ಹೊರಗೆ ಬಂದು ನಿಂತರು.

"ಎಲ್ಲದಕ್ಕೂ ಒಂದೇ ಕಾಯಿಲೆ. ಪಾರ್ಟ್ಸ್ ಹೊರಗಿಂದ ಬರ್ಬೇಕು. ಹದಿನೈದು ದಿನ."

ಬಾಗಿಲಲ್ಲಿ ನಿಂತಿದ್ದ ಅಪ್ಪಂದಿರು ತಲೆಯ ಮೇಲೆ ಕೈ ಹೊತ್ತರು. ರಜೆ ಮುಗಿಯಲು ಸರಿಯಾಗಿ ಹದಿನಾರು ದಿನ ಇತ್ತು.

ಮರುದಿನ ಅಂಗಡಿ ತೆರೆದ ಹತ್ತು ನಿಮಿಷಕ್ಕೆ ಏಳು ವರ್ಷದ ಹುಡುಗಿಯೊಬ್ಬಳು ಒಳಗೆ ಬಂದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವಾಕೆಯ ಮಗಳು. ದನಿ ಜೋರಿದ್ದುದರಿಂದ ಮನೆಯವರೇ ಅವಳನ್ನು ಪಟಾಕಿ ಎನ್ನುತ್ತಿದ್ದರು.

"ನಮ್ ಟಿವಿ ನೋಡೋಕೆ ಬಂದೆ" ಎಂದಳು. "ಈಗ ಹೇಗಿದೆ?"

"ಹಾಗೇ ಇದೆ."

"ಏನಾದ್ರೂ ಮಾತಾಡ್ತಾ?"

ಡಾಕ್ಟ್ರು ಇಲ್ಲವೆಂದು ತಲೆಯಾಡಿಸಿದರು. ಪಟಾಕಿ ತಮ್ಮ ಮನೆಯ ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಸ್ವಲ್ಪ ಹೊತ್ತಿಗೆ ಒಂಬತ್ತು ವರ್ಷದ ಹುಡುಗನೊಬ್ಬ ಬಂದು ಪಕ್ಕದ ಟಿವಿಯ ಮುಂದೆ ಕೂತ. ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡರು.

"ನೀನ್ಯಾರು?" ಪಟಾಕಿ ಕೇಳಿದಳು.

"ನಿಮ್ಮೆದುರು ಮನೆ."

"ಯಾವಾಗ ಬಂದ್ರಿ?"

"ನಾನು ಹುಟ್ಟಿದಾಗಿಂದ ಅಲ್ಲೇ ಇದೀನಿ."

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮಕ್ಕಳಾದವು. ಎಲ್ಲವೂ ಒಂದೇ ಬೀದಿಯವು, ಒಂದಕ್ಕೊಂದರ ಗುರುತಿಲ್ಲ. ಸತ್ತ ಟಿವಿಗಳ ಮುಂದೆ ಸಾಲಾಗಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದವು. ಡಾಕ್ಟರಿಗೆ ಕೆಲಸ ಸಾಗದಾಯಿತು. ಮೂವತ್ತು ವರ್ಷ ಒಬ್ಬರೇ ಕೂತು ಕೆಲಸ ಮಾಡಿದವರು. ಈಗ ಟಿವಿಯ ಹಿಂದೆ ಬಗ್ಗಿದರೆ ಮುಂದೆ ಒಂದು ಮಗು, ಏನೋ ಬರುತ್ತದೆಂದು ಬಾಯಿ ಬಿಟ್ಟುಕೊಂಡು ಕಾಯುತ್ತಿದೆ.

"ಹೊರಗೆ ಹೋಗಿ ಆಡ್ಕೊಳ್ರಪ್ಪ" ಎಂದರು.

"ಏನು ಆಡೋದು?"

"ಏನಾದ್ರೂ. ಕಣ್ಣಾಮುಚ್ಚಾಲೆ."

"ಅದು ಯಾವ ಚಾನೆಲ್ಲಲ್ಲಿ ಬರುತ್ತೆ?" ಎಂದು ಎದುರುಮನೆ ಹುಡುಗ ಕೇಳಿದ.

ಡಾಕ್ಟ್ರು ಬೆಸುಗೆ ಕಡ್ಡಿ ಕೆಳಗಿಟ್ಟು, ಒಬ್ಬರು ಕಣ್ಣು ಮುಚ್ಚಬೇಕು, ಉಳಿದವರು ಅವಿತುಕೊಳ್ಳಬೇಕು, ಆಮೇಲೆ ಹುಡುಕಬೇಕು ಎಂದು ವಿವರಿಸಿದರು. ಅಷ್ಟು ಮಾತಾಡಿ ಅವರಿಗೆ ಗಂಟಲು ಒಣಗಿತು. ಮಕ್ಕಳು ಹೋದವು. ಐದು ನಿಮಿಷಕ್ಕೆ ಮೊದಲ ಸಮಸ್ಯೆ ಬಂತು: ಅವಿತವರನ್ನು ಹುಡುಕುವ ಬದಲು ಎದುರುಮನೆ ಹುಡುಗ ನಿಂತಲ್ಲೇ ಕಾಮೆಂಟರಿ ಕೊಡುತ್ತಿದ್ದ. "ಡ್ರಮ್ಮಿನ ಹಿಂದೆ ಒಂದು ಜುಟ್ಟು ಕಾಣಿಸ್ತಾ ಇದೆ ವೀಕ್ಷಕರೇ! ಯಾರ ಜುಟ್ಟಿರಬಹುದು? ತಿಳಿಯೋಣ, ಒಂದು ಚಿಕ್ಕ ವಿರಾಮದ ನಂತರ!" ಎಂದು ನಿಲ್ಲಿಸಿ, ಟೂತ್‌ಪೇಸ್ಟಿನ ಜಾಹೀರಾತು ಹೇಳಿದ. ಅಂದಿನಿಂದ ಅವನ ಹೆಸರು ಬ್ರೇಕು ಎಂದಾಯಿತು. ಅತ್ತ ಪಟಾಕಿ ಅವಿತ ಜಾಗದಿಂದ ತಾನೇ ಎದ್ದು ಬಂದು, "ನಾನು ಚೆನ್ನಾಗಿ ಅವಿತಿದ್ದೀನಿ ಅನಿಸಿದ್ರೆ ದಯವಿಟ್ಟು ನನಗೇ ವೋಟ್ ಮಾಡಿ" ಎಂದು ಕೈಮುಗಿದಳು. ಒಬ್ಬ ಹುಡುಗ ಓಡುತ್ತ ಎಡವಿ ಬಿದ್ದ. ಯಾರೂ ಎತ್ತಲಿಲ್ಲ. ಎಲ್ಲರೂ ಸುತ್ತ ನಿಂತು, ಅವನು ಹೇಗೆ ಬಿದ್ದನೆಂಬುದನ್ನು ಮೂರು ಸಲ ನಿಧಾನಗತಿಯಲ್ಲಿ ಬಿದ್ದು ತೋರಿಸಿದರು. ಬಿದ್ದವನೂ ಅಳು ನಿಲ್ಲಿಸಿ, "ಕಾಲು ಇನ್ನೂ ಸ್ವಲ್ಪ ಮೇಲೆ ಹೋಗಿತ್ತು" ಎಂದು ತಿದ್ದಿದ.

ಒಂಬತ್ತೂ ಮಕ್ಕಳು ಮತ್ತೆ ಅಂಗಡಿಗೆ ಬಂದು ಸಾಲಾಗಿ ಕೂತವು.

ಡಾಕ್ಟ್ರು ಸುತ್ತ ನೋಡಿದರು. ಮೂಲೆಯಲ್ಲಿ ಒಂದು ದೊಡ್ಡ ಮರದ ಟಿವಿ ಡಬ್ಬ ಇತ್ತು. ಒಳಗಿನದೆಲ್ಲ ತೆಗೆದ ಖಾಲಿ ಪೆಟ್ಟಿಗೆ. ಅದನ್ನು ಎಳೆದು ಹೊರಗಿನ ಕಟ್ಟೆಯ ಮೇಲಿಟ್ಟರು. ಡ್ರಾಯರಿನಿಂದ ಒಂದು ಕೆಟ್ಟ ರಿಮೋಟು ತೆಗೆದು ಅದರ ಮೇಲಿಟ್ಟರು.

"ತಗೊಳ್ಳಿ. ಇದು ಸರಿಯಾಗಿದೆ. ನೋಡ್ಕೊಳ್ಳಿ" ಎಂದು ಬಾಗಿಲು ಅರ್ಧ ಮುಚ್ಚಿಕೊಂಡರು.

ಅವರು ಅಂದುಕೊಂಡದ್ದು ಅರ್ಧ ಗಂಟೆ ನೆಮ್ಮದಿ ಸಿಗುತ್ತದೆಂದು. ಆದರೆ ಎರಡು ನಿಮಿಷಕ್ಕೆ ಪಟಾಕಿ ಹಿಂದಿನಿಂದ ಡಬ್ಬದೊಳಗೆ ತೂರಿ, ಮುಂದಿನ ಚೌಕದಲ್ಲಿ ಮುಖ ತೋರಿಸಿ, "ನಮಸ್ಕಾರ! ಮುಖ್ಯಾಂಶಗಳು!" ಎಂದು ಬೀದಿಯ ಕೊನೆಗೂ ಕೇಳುವಂತೆ ಶುರುಮಾಡಿದ್ದಳು.

ಆಮೇಲಿನ ದಿನಗಳಲ್ಲಿ ಅಲ್ಲಿ ಏನುಂಟು ಏನಿಲ್ಲ! ಸುದ್ದಿ, ಅಡುಗೆ, ಕ್ರಿಕೆಟ್, ಹಾಡಿನ ಸ್ಪರ್ಧೆ. ರಿಮೋಟು ಯಾರ ಕೈಯಲ್ಲಿದೆಯೋ ಅವರು ಗುಂಡಿ ಒತ್ತಿದರೆ ಒಳಗಿದ್ದವನು ಈಚೆ ಬರಬೇಕು, ಬೇರೊಬ್ಬ ಒಳಗೆ ಹೋಗಬೇಕು. ಕೆಲವು ಸಲ ಒಬ್ಬನೇ ಒಳಗಿದ್ದು ಎಲ್ಲ ಚಾನೆಲ್ಲೂ ಆಗಬೇಕಾಗುತ್ತಿತ್ತು: "ಈಗ ಈರುಳ್ಳಿಯನ್ನು ಸಣ್ಣಗೆ... ಔಟ್! ಔಟ್! ... ಅಯ್ಯೋ ಅಮ್ಮಾ, ನನ್ನನ್ನು ಬಿಟ್ಟು ಹೋದೆಯಾ?" ಅತ್ಯಂತ ಕಿರಿಯನಾದ ನಾಲ್ಕು ವರ್ಷದ ಪೋರನಿಗೆ ಮಾತು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಅವನ ಕೈಗೆ ಚಪ್ಪಲಿ ಡಬ್ಬವೊಂದನ್ನು ಕೊಟ್ಟು ಕ್ಯಾಮೆರಾ ಮಾಡಿದ್ದರು. ಅವನು ಅದನ್ನು ಹಿಡಿದು ಎಲ್ಲರ ಮೂಗಿನ ತನಕ ಬಂದು ನಿಲ್ಲುತ್ತಿದ್ದ.

ನಾಲ್ಕು ಗಂಟೆಗೆ ಧಾರಾವಾಹಿ. ಅದು ನಿಂತಲ್ಲಿಂದಲೇ ಶುರು: ಅತ್ತೆಯ ಕೈ ಗಾಳಿಯಲ್ಲಿ. ಡಾಕ್ಟರ ಅಕ್ಕ ಮೊದಲ ದಿನ ಕಿಟಕಿಯಿಂದ ನೋಡಿದರು, ಎರಡನೆಯ ದಿನ ಕುರ್ಚಿ ಹಾಕಿಕೊಂಡು ಕೂತರು, ಮೂರನೆಯ ದಿನ ಪಕ್ಕದ ಮನೆಯವರಿಗೆ ಜಾಗ ಹಿಡಿದಿಟ್ಟರು. ಮಕ್ಕಳಿಗೆ ಧಾರಾವಾಹಿಯ ಮರ್ಮ ಚೆನ್ನಾಗಿ ಗೊತ್ತಿತ್ತು. ಕೈ ಕೆನ್ನೆಯ ಹತ್ತಿರ ಬಂದಾಗಲೆಲ್ಲ ಬ್ರೇಕು ಮಧ್ಯೆ ತಲೆ ತೂರಿಸಿ ಸೋಪು ಮಾರುತ್ತಿದ್ದ.

"ಲೋ, ಹೊಡೆಸ್ರೋ ಒಂದು ಸಲ! ನಂಗೆ ರಾತ್ರಿ ನಿದ್ದೆ ಬರ್ತಿಲ್ಲ" ಎಂದು ಅಕ್ಕ ಬೇಡಿಕೊಂಡರು.

"ನಾಳೆ ಇದೇ ಸಮಯಕ್ಕೆ, ಅಜ್ಜಿ" ಎಂದ ಬ್ರೇಕು.

ಮನೆಗಳಲ್ಲಿ ಇದರ ಪರಿಣಾಮ ಬೇರೆ ಥರ ಆಗುತ್ತಿತ್ತು. ಬ್ರೇಕುವಿನ ಅಪ್ಪ ರಜೆಗೆಂದು ಶಾಲೆಯಲ್ಲಿ ಕೊಟ್ಟ ಲೆಕ್ಕ ಮಾಡಿದೆಯಾ ಎಂದು ಗದರಿದರೆ ಅವನು, "ಇದಕ್ಕೆ ಉತ್ತರ ವಿರಾಮದ ನಂತರ" ಎಂದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಹಾಡಿನ ಸ್ಪರ್ಧೆಯಲ್ಲಿ ಎಲಿಮಿನೇಟ್ ಆದ ಒಬ್ಬ ಹುಡುಗಿ ಶಾಲೆಯ ಚೀಲದಲ್ಲಿ ಎರಡು ಫ್ರಾಕು ತುಂಬಿಕೊಂಡು, ಮನೆಯವರೆಲ್ಲರ ಕಾಲಿಗೂ ಬಿದ್ದು, "ಈ ಪಯಣ ಮರೆಯಲಾರೆ" ಎಂದು ಹೊರಟು ಗೇಟಿನ ತನಕ ಹೋಗಿದ್ದಳು. ಪಟಾಕಿಯ ತಾಯಿ ಮಗಳಿಗೆ ಬುದ್ಧಿ ಹೇಳುತ್ತಿದ್ದಾಗ ಮಗಳು ಜೇಬಿನಿಂದ ರಿಮೋಟು ತೆಗೆದು ತಾಯಿಯ ಮುಖಕ್ಕೆ ಹಿಡಿದು ಗುಂಡಿ ಒತ್ತಿದಳು. ತಾಯಿ ಬೆಚ್ಚಿ ಒಂದು ಕ್ಷಣ ನಿಜವಾಗಿಯೂ ಸುಮ್ಮನಾದರಂತೆ. ಅದಕ್ಕೇ ಅವರಿಗೆ ಇನ್ನೂ ಸಿಟ್ಟು.

ಅವರು ಅಂಚೆ ಕಚೇರಿಯಿಂದ ನೇರ ಅಂಗಡಿಗೆ ಬಂದರು.

"ಡಾಕ್ಟ್ರೇ, ಮಕ್ಕಳು ಟಿವಿ ನೋಡಿ ಹಾಳಾಗ್ತಾರೆ ಅಂತಾರೆ. ನಿಮ್ಮ ಅಂಗಡೀಲಿ ಟಿವಿ ಇಲ್ಲದೆ ಹಾಳಾಗ್ತಿದ್ದಾರೆ! ಏನಿದು?"

"ಹೂಂ" ಎಂದರು ಡಾಕ್ಟ್ರು.

"ಹೂಂ ಅಂದ್ರೆ?"

ಡಾಕ್ಟ್ರು ಬಹಳ ಯೋಚಿಸಿದರು. "ಮೊದಲು ನಿಮ್ಮ ಮಗಳಿಗೆ ಎಷ್ಟು ಜನ ಸ್ನೇಹಿತರಿದ್ರು?"

ತಾಯಿ ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಚಪ್ಪಲಿ ಡಬ್ಬ ಅವರ ಮೂಗಿಗೆ ತಾಗಿತು, ಪಟಾಕಿ ಡಬ್ಬದೊಳಗಿನಿಂದ, "ನಮ್ಮ ಜೊತೆ ಈಗ ಅಂಚೆ ಇಲಾಖೆಯ ಹಿರಿಯ ಅಧಿಕಾರಿ ಇದ್ದಾರೆ!" ಎಂದಳು. ತಾಯಿ ತಮಗರಿವಿಲ್ಲದೆಯೇ ಸೆರಗು ಸರಿಮಾಡಿಕೊಂಡರು. ಅಂಚೆ ಚೀಟಿ ನೆಕ್ಕಿ ಅಂಟಿಸಬಾರದು ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತಾಡಿ ಮನೆಗೆ ಹೋದರು.

ಡಾಕ್ಟ್ರು ಸಿಕ್ಕಿಬಿದ್ದದ್ದು ಒಂಬತ್ತನೆಯ ದಿನ. ಸುದ್ದಿಯ ಕೊನೆಗೆ ಹವಾಮಾನ ಹೇಳಲು ಯಾರೂ ಒಪ್ಪಲಿಲ್ಲ. "ಅದು ಬೋರು" ಎಂದ ಬ್ರೇಕು. ಒಳಗಿನಿಂದ ಇದನ್ನು ಕೇಳಿಸಿಕೊಂಡ ಡಾಕ್ಟ್ರು ಎಂದೂ ಇಲ್ಲದೆ ತಾವಾಗಿಯೇ ಹೊರಗೆ ಬಂದು, "ಬೋರಲ್ಲ" ಎಂದರು. ಅಷ್ಟು ಸಾಕಾಯಿತು. ಒಂಬತ್ತು ಮಕ್ಕಳು ಬಿಳಿ ಕೋಟಿನ ಅಂಚು ಹಿಡಿದು ಎಳೆದು ಅವರನ್ನು ಡಬ್ಬದ ಹಿಂದೆ ಮಂಡಿಯೂರಿ ಕೂರಿಸಿದರು. ಚೌಕದಲ್ಲಿ ಅವರ ಬಡಕಲು ಮುಖ ಕಂಡಿತು. ಅಕ್ಕನ ಕೈಯಲ್ಲಿದ್ದ ಬೀಸಣಿಗೆ ನಿಂತುಹೋಯಿತು.

"ಮೋಡ..." ಎಂದರು ಡಾಕ್ಟ್ರು. ಬೆವರಿದರು. "ಮೋಡ ಇದೆ."

"ಎಲ್ಲಿ?" ಎಂದಳು ಪಟಾಕಿ.

ಆಕಾಶ ಸ್ವಚ್ಛವಾಗಿತ್ತು. ಡಾಕ್ಟ್ರು ಕಣ್ಣಾಡಿಸಿದರು. ಎದುರಿಗೆ ಬೇಕರಿ, ಅದರ ಬಾಗಿಲಲ್ಲಿ ಬೇಕರಿ ಮಾಮ ಯಾರನ್ನೋ ಬೈಯುತ್ತಿದ್ದರು.

"ಬೇಕರಿ ಪ್ರದೇಶದಲ್ಲಿ ಬಿಸಿಗಾಳಿ" ಎಂದರು. ಮಕ್ಕಳು ನಕ್ಕವು. ಡಾಕ್ಟರಿಗೆ ಧೈರ್ಯ ಬಂತು. "ಸಂಜೆಯ ವೇಳೆಗೆ ಗುಡುಗು. ಅಂಚೆ ಕಚೇರಿಯವರ ಮನೆಯಲ್ಲಿ ಬೆಳಗ್ಗೆ ಬಿರುಗಾಳಿ ಬೀಸಿದ್ದು ಈಗ ಶಾಂತ. ನಮ್ಮ ಮನೆಯಲ್ಲಿ ಧಾರಾವಾಹಿ ಮುಗಿದ ಕೂಡಲೇ ಕಣ್ಣೀರಿನ ತುಂತುರು."

ಬೀದಿ ಬಿದ್ದು ಬಿದ್ದು ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. ಅವರು ಬಾಯಿ ತೆರೆದುಕೊಂಡು ತಮ್ಮನನ್ನೇ ನೋಡುತ್ತಿದ್ದರು. ಐವತ್ತು ಚಿಲ್ಲರೆ ವರ್ಷಗಳಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಮರುದಿನದಿಂದ ಹವಾಮಾನಕ್ಕೇ ಹೆಚ್ಚು ಜನ. ಕೆಲಸದಿಂದ ಬರುವ ಗಂಡಂದಿರು ಬಾಗಿಲಲ್ಲೇ ನಿಂತು, ನಮ್ಮ ಮನೆಗೆ ಇವತ್ತು ಏನು ಹೇಳಿದರು ಎಂದು ಕೇಳತೊಡಗಿದರು.

ಬೇಕರಿ ಮಾಮನಿಗೆ ಮಾತ್ರ ಇದು ಮೈ ಉರಿಸಿತು. ದೊಡ್ಡ ಆಳು, ತಲೆಯೂ ದೊಡ್ಡದು, ಮೂಗಿನ ತುದಿಯಲ್ಲಿ ಕೋಪ. ಮೂರು ದಿನ ತಡೆದುಕೊಂಡರು. ನಾಲ್ಕನೆಯ ದಿನ ಪಟಾಕಿ ಸುದ್ದಿ ಓದಿದಳು: "ಬ್ರೇಕಿಂಗ್ ನ್ಯೂಸ್! ಬೇಕರಿಯಲ್ಲಿ ನೆಲಕ್ಕೆ ಬಿದ್ದ ಬನ್ನನ್ನು ಮಾಮ ಊದಿ, ಅಂಗಿಗೆ ಒರೆಸಿ, ಮತ್ತೆ ಮೇಲಿಟ್ಟಿದ್ದಾರೆ! ನೋಡಿದವರು ನಮ್ಮ ಕ್ಯಾಮೆರಾಮನ್!"

ಚಪ್ಪಲಿ ಡಬ್ಬದ ಪೋರ ಹೆಮ್ಮೆಯಿಂದ ತಲೆಯಾಡಿಸಿದ.

ಬೇಕರಿ ಮಾಮ ಹಿಟ್ಟಿನ ಕೈಯಲ್ಲೇ ಬಂದರು. "ಸುಳ್ಳು! ಶುದ್ಧ ಸುಳ್ಳು! ನಿಮ್ಗೆ ಬೇಕಾದ್ದು ಹೇಳ್ಕೊಳ್ಳೋಕೆ ಟಿವಿ ಇದೆ, ನಂಗೇನಿದೆ? ಪಕ್ಕಕ್ಕೆ ಸರೀರಿ, ನಾನೂ ಅದರೊಳಗಿಂದಾನೇ ಹೇಳ್ತೀನಿ!"

"ಮಾಮ, ಬೇಡ" ಎಂದರು ಡಾಕ್ಟ್ರು. ಡಬ್ಬದ ಅಳತೆ ಅವರಿಗೆ ಗೊತ್ತಿತ್ತು.

ಮಾಮ ಕೇಳಲಿಲ್ಲ. ಹಿಂದಿನಿಂದ ತಲೆ, ಆಮೇಲೆ ಒಂದು ಭುಜ, ಆಮೇಲೆ ದಬ್ಬಿ ಇನ್ನೊಂದು ಭುಜ ತೂರಿಸಿದರು. ಚೌಕದ ತುಂಬ ಅವರ ಕೆಂಪು ಮುಖ ಬಂತು. ಎರಡು ಮಾತು ಆಡಿ ಹಿಂದಕ್ಕೆ ಎಳೆದುಕೊಂಡರು. ಬರಲಿಲ್ಲ. ಮುಂದಕ್ಕೆ ತಳ್ಳಿದರು. ಹೋಗಲಿಲ್ಲ.

"ಡಾಕ್ಟ್ರೇ" ಎಂದರು, ದನಿ ಇಳಿಸಿ.

ಪಟಾಕಿ ಸಿಕ್ಕ ಅವಕಾಶ ಬಿಡುವವಳಲ್ಲ. ಮರದ ಸೌಟನ್ನು ಮೈಕಿನಂತೆ ಅವರ ಬಾಯಿಗೆ ಹಿಡಿದಳು. "ನೇರಪ್ರಸಾರ! ಮಾಮ, ಬನ್ನು ಬಿದ್ದದ್ದು ನಿಜಾನಾ?"

"ಮೊದಲು ನನ್ನ ತೆಗೀರೇ!"

"ವೀಕ್ಷಕರು ಉತ್ತರ ಕಾಯ್ತಿದ್ದಾರೆ."

ಇಡೀ ಬೀದಿ ಸೇರಿತ್ತು. ಡಾಕ್ಟ್ರು ಸ್ಕ್ರೂಡ್ರೈವರಿನಿಂದ ಬದಿಯ ತಿರುಪುಗಳನ್ನು ಬಿಚ್ಚುತ್ತಿದ್ದರು. ತುಕ್ಕು ಹಿಡಿದಿದ್ದವು, ಬರುತ್ತಿರಲಿಲ್ಲ. ಅಕ್ಕ ಮಾಮನ ಕಿವಿಗಳಿಗೆ ಸೋಪಿನ ನೀರು ಹಚ್ಚುತ್ತಿದ್ದರು. ಬ್ರೇಕು ನಡುವೆ ಬಂದು, "ಈ ಕಾರ್ಯಕ್ರಮದ ಪ್ರಾಯೋಜಕರು ಇದೇ ಸೋಪು" ಎಂದ. ಮಾಮನ ಮೂಗಿನ ಮುಂದೆ ಒಂದು ನೊರೆಯ ಗುಳ್ಳೆ ಹಾರಿತು.

"ಬಿತ್ತು ಕಣ್ರೀ!" ಎಂದು ಮಾಮ ಕೊನೆಗೆ ಕೂಗಿದರು. "ಒಂದೇ ಒಂದು ಬನ್ನು. ಮೇಲಿಟ್ಟಿದ್ದು ನಿಜ. ಆದ್ರೆ ಮನಸ್ಸು ತಡೀಲಿಲ್ಲ, ಹತ್ತು ನಿಮಿಷ ಆದ್ಮೇಲೆ ನಾನೇ ತಿಂದೆ. ಸಾಕಾ?"

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಮಾಮನ ಮುಖದಲ್ಲಿ, ಆ ಇಕ್ಕಟ್ಟಿನಲ್ಲೂ, ಒಂದು ನಗು ಹರಡಿತು. ಅದುವರೆಗೆ ಅವರಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಉತ್ಸಾಹ ಹೆಚ್ಚಿ, ಒಳ್ಳೆಯ ಬ್ರೆಡ್ಡನ್ನು ಬೆರಳಲ್ಲಿ ಒತ್ತಿ ಹೇಗೆ ಗುರುತಿಸಬೇಕೆಂದು ಹೇಳತೊಡಗಿದರು. ಡಾಕ್ಟ್ರು ಗರಗಸ ತಂದು ಡಬ್ಬದ ಬದಿಯನ್ನು ಕೊಯ್ದು ಬಿಡಿಸಿದಾಗ, "ಇನ್ನೂ ಮುಗ್ದಿರ್ಲಿಲ್ಲ" ಎಂದು ಗೊಣಗಿದರು.

ಡಬ್ಬ ಎರಡು ಹೋಳಾಗಿತ್ತು. ಮಕ್ಕಳ ಮುಖ ಸಣ್ಣಗಾಯಿತು. ಡಾಕ್ಟ್ರು ಹೋಳುಗಳನ್ನು ಎತ್ತಿಕೊಂಡು ಒಳಗೆ ಹೋದರು. ಮರುದಿನ ಬೆಳಗ್ಗೆ ಕಟ್ಟೆಯ ಮೇಲೆ ಅದೇ ಡಬ್ಬ ಇತ್ತು, ಬದಿಗೆ ಕೀಲು ಹಾಕಿ ಬಾಗಿಲು ಮಾಡಿ. ದೊಡ್ಡವರೂ ಸುಲಭವಾಗಿ ಒಳಗೆ ಹೋಗಿ ಬರಬಹುದಿತ್ತು.

ಹದಿನೈದನೆಯ ದಿನ ಪಾರ್ಟ್ಸ್ ಬಂದವು. ಡಾಕ್ಟ್ರು ಎರಡು ದಿನ ತಲೆಯೆತ್ತದೆ ಕೆಲಸ ಮಾಡಿದರು. ಹನ್ನೊಂದು ಟಿವಿಗಳೂ ಹುಷಾರಾಗಿ ಮನೆಗೆ ಹೋದವು. ಶಾಲೆಯೂ ಶುರುವಾಯಿತು. ಸಂಜೆ ನಾಲ್ಕಕ್ಕೆ ಡಾಕ್ಟ್ರು ಎರಡು ಸಲ ಬಾಗಿಲ ತನಕ ಬಂದು ಹೋದರು. ಕಟ್ಟೆ ಖಾಲಿ. ಕಿಟಕಿಗಳಿಂದ ನಿಜವಾದ ಸುದ್ದಿ ಕೇಳಿಸುತ್ತಿತ್ತು. ಅಕ್ಕನೂ ಒಳಗೆ ಟಿವಿ ಮುಂದೆ ಕೂತಿದ್ದರು. "ಏಟು ಬಿತ್ತಾ?" ಎಂದು ಡಾಕ್ಟ್ರು ಕೇಳಿದರು.

"ಹೋಗೋ, ಅತ್ತೇನೇ ಬದಲಾಗಿದಾಳೆ. ಬೇರೆ ಯಾರೋ. ನಮ್ಮ ಅತ್ತೇನೇ ಚೆನ್ನಾಗಿದ್ಲು" ಎಂದರು ಅಕ್ಕ. ನಮ್ಮ ಅತ್ತೆ ಎಂದರೆ ಡಬ್ಬದೊಳಗೆ ಅತ್ತೆಯಾಗುತ್ತಿದ್ದ ಎಂಟು ವರ್ಷದ ಹುಡುಗಿ.

ಮೂರು ದಿನ ಹೀಗೇ ಹೋಯಿತು. ಡಾಕ್ಟ್ರು ಮತ್ತೆ "ಹೂಂ"ಗೆ ಇಳಿದರು. ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ಪಟಾಕಿ ಯೂನಿಫಾರ್ಮಿನಲ್ಲೇ ಬಂದಳು, ಹಿಂದೆ ಬ್ರೇಕು.

"ಟಿವಿ ಕೆಟ್ಟಿದೆಯಾ?" ಎಂದು ಡಾಕ್ಟ್ರು ಕೇಳಿದರು.

"ಕೆಟ್ಟಿಲ್ಲ. ಚೆನ್ನಾಗೇ ಬರುತ್ತೆ" ಎಂದಳು ಪಟಾಕಿ. "ಆದ್ರೆ ನಾನು ಮಾತಾಡಿದ್ರೆ ಅದರಲ್ಲಿರೋರು ತಿರುಗೇ ನೋಡಲ್ಲ. ಬಹಳ ಜಂಬ."

ಒಂಬತ್ತರಲ್ಲಿ ಐದು ಮಕ್ಕಳು ವಾಪಸು ಬಂದವು. ಉಳಿದ ನಾಲ್ಕು ಬರಲಿಲ್ಲ; ಮನೆಯಲ್ಲೇ ಕಾರ್ಟೂನು ನೋಡಿಕೊಂಡು ಸುಖವಾಗಿವೆ. ಬಿಡುವಿದ್ದ ದಿನ ನಾಲ್ಕೂವರೆಗೆ ಪ್ರಸಾರ, ಇಲ್ಲದಿದ್ದರೆ ಇಲ್ಲ. ಬೇಕರಿ ಮಾಮ ವಾರಕ್ಕೊಮ್ಮೆ ಅಡುಗೆ ಕಾರ್ಯಕ್ರಮ ನಡೆಸುತ್ತಾರೆ. ಯಾರು ರಿಮೋಟು ಒತ್ತಿದರೂ ಹೊರಗೆ ಬರುವುದಿಲ್ಲವೆಂಬುದೊಂದು ದೂರು. ಡಾಕ್ಟ್ರು ಬೇರೆ ಬೀದಿಗೆ ರಿಪೇರಿಗೆ ಹೋದಾಗಲೂ ಜನ ಅವರನ್ನು ತಡೆದು ಹವಾಮಾನ ಕೇಳುತ್ತಾರೆ. ಹೇಳುತ್ತಾರೆ ಕೂಡ.

ಮೊನ್ನೆ ನಾನು ಅಂಗಡಿಯಲ್ಲಿದ್ದಾಗ ಒಬ್ಬರು ಗೋಡೆಗೆ ನೇತುಹಾಕುವ ಹೊಸ ತೆಳು ಟಿವಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಡಾಕ್ಟ್ರು ಅದನ್ನು ಮೇಜಿನ ಮೇಲೆ ಮಲಗಿಸಿದರು. ಕಟ್ಟೆಯ ಮೇಲಿದ್ದ ಬ್ರೇಕು ಎದ್ದು ಬಂದು, ಬಗ್ಗಿ ಬದಿಯಿಂದ ಅದರ ದಪ್ಪ ನೋಡಿದ.

"ಇದು ಆಗಲ್ಲ ಡಾಕ್ಟ್ರೇ. ಇದರಲ್ಲಿ ಯಾರು ಹಿಡಿಸ್ತಾರೆ?"

"ಅದೇ ನಾನೂ ನೋಡ್ತಿದ್ದೀನಿ" ಎಂದರು ಡಾಕ್ಟ್ರು, ಹಣೆಯ ಟಾರ್ಚು ಹೊತ್ತಿಸುತ್ತ.

ಟಿವಿ ತಂದವರು ಇಬ್ಬರ ಮುಖವನ್ನೂ ನೋಡಿ, "ತುಂಬ ಸೀರಿಯಸ್ಸಾ?" ಎಂದು ಗಾಬರಿಯಿಂದ ಕೇಳಿದರು.